ಹದಿಮೂರು ಚುಕ್ಕೆ

ಉದ್ಯಾವರದ ಸೇತುವೆ ದಾಟುವುದರೊಳಗೆ ಹೇಳಿಬಿಡಬೇಕು ಎಂದು ಲಿಗೋರಿ ಕಟಪಾಡಿಯಲ್ಲಿ ಬಸ್ಸು ಹತ್ತುವಾಗ ನಿಶ್ಚಯಿಸಿಕೊಂಡಿದ್ದ. ಸೇತುವೆ ಬಂತು, ಹೋಯಿತು. ಕಿಟಕಿಯ ಬದಿಗೆ ಕೂತಿದ್ದ ಅಕ್ಕ ಸೆಲೀನ್ ಹೊಳೆಯ ಕಡೆ ನೋಡುತ್ತಿದ್ದಳು. ಅವಳ ಮುಡಿಯಲ್ಲಿದ್ದ ಮಲ್ಲಿಗೆಯನ್ನು ಮಾಂಯ್ ಬೆಳಿಗ್ಗೆ ಅಂಗಳದ ಗಿಡದಿಂದ ಕೊಯ್ದು ಕಟ್ಟಿದ್ದಳು; ಮಾರಲಿಕ್ಕೆ ಹೋಗುವ ಹೂವಿನಲ್ಲಿ ಒಂದು ಚೆಂಡನ್ನು ತಾಯಿ ಮಗಳಿಗೆಂದು ತೆಗೆದಿಟ್ಟದ್ದು ಅವನಿಗೆ ನೆನಪಿದ್ದ ಹಾಗೆ ಇದೇ ಮೊದಲು. ಸೀರೆಯೂ ಹೊಸದು. ಅಪ್ಪ ಬಹರೈನಿನಿಂದ ಕಳಿಸಿ ಎರಡು ವರ್ಷವಾಗಿದ್ದರೂ ಪೆಟ್ಟಿಗೆಯಲ್ಲೇ ಇದ್ದದ್ದು. "ನಿನ್ನ ಸಿನಿಮಾಕ್ಕೆ ಅಲ್ಲದೆ ಇನ್ನು ಯಾವುದಕ್ಕೆ ಉಡುವುದು" ಎಂದು ಅವಳು ಬೆಳಿಗ್ಗೆ ನೆರಿಗೆ ಹಿಡಿಯುತ್ತಾ ಕೇಳಿದಾಗ, ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದ ಲಿಗೋರಿ ಮತ್ತೊಮ್ಮೆ ನೀರು ಎರಚಿಕೊಂಡಿದ್ದ. ಸಿನಿಮಾ ಅಲ್ಲ ಬಾಯ್, ಆರು ನಿಮಿಷದ್ದು, ಡಾಕ್ಟರರ ಶಿಷ್ಯರಿಗೆ ಪಾಠ ಮಾಡಲಿಕ್ಕೆ. ಹೀಗೆಂದು ಆಗಲೇ ಹೇಳಬಹುದಿತ್ತು. ಅಕ್ಕನನ್ನು ಅವನು ಬಾಯ್ ಎಂದೇ ಕರೆಯುತ್ತಿದ್ದ. ಮನೆಯ ಕೊಂಕಣಿಯಲ್ಲಿ ಎಲ್ಲರೂ ಅಕ್ಕನನ್ನು ಕರೆಯುವ ಹಾಗೆ. ಹೊರಗೆ, ಬೇರೆಯವರ ಎದುರಿಗೆ, ಅವಳನ್ನು ಏನೆಂದೂ ಕರೆಯುವ ಪ್ರಸಂಗ ಬರದ ಹಾಗೆ ನೋಡಿಕೊಳ್ಳುತ್ತಿದ್ದ.

ಕಟಪಾಡಿಯಲ್ಲಿ ಕಂಡಕ್ಟರ್ ಬಸ್ಸಿನ ಬಾಗಿಲಿಗೆ ಬಡಿಯುತ್ತಾ, "ಬೇಗ ಅಕ್ಕ, ಬೇಗ, ಹಿಂದಿನ ಗಾಡಿ ಬಂತು" ಎಂದಿದ್ದ. ಸೆಲೀನ್ ಎಡಗಾಲನ್ನು ಮೆಟ್ಟಿಲಿಗಿಟ್ಟು, ಬಲಗೈಯಿಂದ ಸೀರೆಯ ನೆರಿಗೆ ಹಿಡಿದಂತೆ ಮಾಡಿ, ಬಲದ ತೊಡೆಯನ್ನು ಒತ್ತಿ ಮೇಲೆ ಬಂದಳು. ಆ ಹೊತ್ತಿಗೆ ಲಿಗೋರಿ ಒಳಗೆ ಸೀಟಿನಲ್ಲಿ ಕೂತಾಗಿತ್ತು. ಅವಳು ತನ್ನ ಬಳಿ ಬಂದು ಕೂತಾಗ ಎದುರಿನ ಸೀಟಿನವನು ತಿರುಗಿ ನೋಡಿದ್ದು, ತಾನು ಆ ನೋಟಕ್ಕೆ ಸಿಗದೆ ಕೈಯಲ್ಲಿದ್ದ ಚೀಲದ ಜಿಪ್ಪನ್ನು ಎಳೆದದ್ದು, ಎರಡೂ ಒಂದೇ ಕ್ಷಣದಲ್ಲಿ ಆಯಿತು. ಇದು ಹಳೆಯ ಚಾಳಿ. ಭಾನುವಾರ ಇಗರ್ಜಿಗೆ ಹೋಗುವಾಗಲೂ ಅವನು ಗದ್ದೆಯ ಹುಣಿಯ ಮೇಲೆ ಮುಂದೆ ಮುಂದೆ ನಡೆಯುತ್ತಿದ್ದ. ಹಿಂದಿನಿಂದ ಮಾಂಯ್, "ನಿಲ್ಲೋ, ಅವಳು ಬರಲಿ" ಎಂದರೆ ನಿಂತು, ಬೇಲಿಯಲ್ಲಿ ಏನೋ ಇದೆ ಎಂಬ ಹಾಗೆ ಅತ್ತ ನೋಡುತ್ತಿದ್ದ. ಸೆಲೀನಳಿಗೆ ಮೂರನೆಯ ವರ್ಷದಲ್ಲಿ ಜ್ವರ ಬಂದು ಬಲಗಾಲು ಸೋತದ್ದು. ಅದೇ ವರ್ಷ ಅವನು ಹುಟ್ಟಿದ್ದು. ಮಾಂಯ್ ಪ್ರತಿ ಜನವರಿಗೆ ಕಾರ್ಕಳದ ಅತ್ತೂರು ಇಗರ್ಜಿಗೆ ಅವಳನ್ನು ಕರೆದುಕೊಂಡು ಹೋಗಿ, ಅವಳ ಕಾಲಿನಷ್ಟೇ ಉದ್ದದ ಮೇಣದಬತ್ತಿ ಹಚ್ಚುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಬತ್ತಿ ಉದ್ದವಾಯಿತು. ಸೆಲೀನ್ ಹದಿನಾರನೆಯ ವರ್ಷದಲ್ಲಿ "ಇನ್ನು ಸಾಕು" ಎಂದು ಹೇಳಿ ಹೋಗುವುದನ್ನು ನಿಲ್ಲಿಸಿದಳು. ಜಗಲಿಯ ಮೂಲೆಯಲ್ಲಿ ಕೈಯಿಂದ ತಿರುಗಿಸುವ ಹೊಲಿಗೆ ಮೆಷಿನು ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯತೊಡಗಿದಳು. ನೆರಿಗೆ ಹಿಡಿಯುವ ನೆವದಲ್ಲಿ ತೊಡೆಯನ್ನು ಒತ್ತಿಕೊಂಡು ನಡೆಯುವುದನ್ನು ಆಗಲೇ ಕಲಿತದ್ದು. ಹೊಸಬರು ನೋಡಿದರೆ ಸ್ವಲ್ಪ ಕುಂಟು ಎನ್ನುತ್ತಿದ್ದರು, ಅಷ್ಟೇ. ಆ ಕೈ ತೆಗೆದರೆ ಮೊಣಕಾಲು ಮಡಚಿ ಅವಳು ಬೀಳುತ್ತಾಳೆ ಎಂಬುದು ಮನೆಯ ಮೂವರಿಗೆ ಮಾತ್ರ ಗೊತ್ತಿತ್ತು.

"ನನ್ನದು ಮೊದಲಿಗೆ ಬರುವುದಾ, ಕೊನೆಗಾ?" ಸೆಲೀನ್ ಕಿಟಕಿಯಿಂದ ತಿರುಗದೆ ಕೇಳಿದಳು.

"ಯಾವುದು?"

"ನೆಟ್ಟಗೆ ನಡೆಯುವುದು."

"ನೋಡುವಾ" ಎಂದ ಲಿಗೋರಿ. ನೋಡುವಾ ಎಂದರೆ ಎಂತ ಅರ್ಥ? ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಅಂದುಕೊಂಡು ಅವನು ಒಂದು ಕ್ಷಣ ಹಗುರಾದ. ಆಮೇಲೆ, ಹೇಳುತ್ತಿರಲಿಲ್ಲ ಎಂಬುದು ತನಗೆ ಗೊತ್ತಿದೆ ಎನ್ನಿಸಿ, ಉಡುಪಿ ಬರಲಿ, ಮಣಿಪಾಲದ ಬಸ್ಸಿಗೆ ಕಾಯುವಾಗ ಹೇಳುವುದು ಎಂದು ಮುಂದಕ್ಕೆ ಹಾಕಿದ.

ಹನ್ನೊಂದು ವರ್ಷದವನಿದ್ದಾಗ ಅವನು ಧರ್ಮಶಿಕ್ಷಣದ ಪುಸ್ತಕದ ಮೂಲೆಗಳಲ್ಲಿ ಪುಟಕ್ಕೊಂದರಂತೆ ಗೀಟಿನ ಮನುಷ್ಯನನ್ನು ಬಿಡಿಸಿದ್ದ. ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಬಿಟ್ಟರೆ ಮನುಷ್ಯ ನಡೆಯುತ್ತಿದ್ದ. ಸುಮ್ಮನೆ ನಡೆದರೆ ಹುಡುಗರು ನೋಡುತ್ತಿರಲಿಲ್ಲ, ಕುಂಟಿದಾಗ ನಕ್ಕರು. ಆ ನಗು ಕೇಳಿ ಅವನ ಎದೆ ಹಿಗ್ಗಿದ್ದು ಸುಳ್ಳಲ್ಲ. ಒಂದು ದಿನ ಪುಸ್ತಕ ಸೆಲೀನಳ ಕೈಗೆ ಸಿಕ್ಕಿತು. ಅವಳು ಎರಡು ಮೂರು ಸಲ ಪುಟ ಹಾರಿಸಿ ನೋಡಿ, ಪುಸ್ತಕವನ್ನು ಅವನ ಮುಂದೆ ಇಟ್ಟು, "ಚಂದ ಉಂಟು. ಆದರೆ ನೀನು ಕುಂಟನ್ನು ಬೇರೆ ಕಾಲಿಗೆ ಹಾಕಿದ್ದಿ" ಎಂದಳು. ಬೈದಿದ್ದರೆ ಅವನು ಮರೆತುಬಿಡುತ್ತಿದ್ದನೇನೋ.

ಮುಂದೆ ಅವನು ಸೇರಿದ ಉಡುಪಿಯ ಚಿತ್ರಶಾಲೆಯಲ್ಲಿ ಚಲಿಸುವ ಚಿತ್ರದ ಹುಚ್ಚು ಯಾರಿಗೂ ಇರಲಿಲ್ಲ. ಭುಜಂಗ ಮೇಷ್ಟ್ರು ಕಾರ್ಕಳದ ಕಲ್ಲು ಕೆತ್ತುವ ಮನೆತನದವರು. ಮೊದಲ ಎರಡು ವರ್ಷ ಪ್ಲಾಸ್ಟರಿನ ಒಂದು ಪಾದವನ್ನು ಎಡದಿಂದ, ಬಲದಿಂದ, ಮೇಲಿನಿಂದ ಬಿಡಿಸಲು ಹಾಕಿದರು. ಲಿಗೋರಿ ಒಂದು ಹಾಳೆಯಲ್ಲಿ ಆ ಪಾದ ನೆಲದಿಂದ ಏಳುವುದನ್ನು ಎಂಟು ಸಲ ಬಿಡಿಸಿದ್ದನ್ನು ಅವರು ಇಡೀ ತರಗತಿಗೆ ಎತ್ತಿ ತೋರಿಸಿ, "ನಿಂತದ್ದನ್ನು ಬಿಡಿಸಲು ಬಾರದವನು ನಡೆಯುವುದನ್ನು ಬಿಡಿಸುತ್ತಾನಂತೆ" ಎಂದರು. ಹುಡುಗಿಯರೂ ನಕ್ಕರು. ಆದರೆ ಅದೇ ಹಾಳೆಯನ್ನು, ಅಂಗರಚನೆಯ ಪಟ ಬರೆಯಲು ವಿದ್ಯಾರ್ಥಿ ಬೇಕೆಂದು ಬಂದ ಡಾಕ್ಟರ್ ತಾರಾನಾಥರು ಮೇಜಿನ ಮೇಲೆ ಕಂಡು, ಕನ್ನಡಕ ಹಣೆಗೆ ಏರಿಸಿ ಬಹಳ ಹೊತ್ತು ನೋಡಿದರು. ಮಣಿಪಾಲದ ಆಚೆ ಗುಡ್ಡದ ಬದಿಯಲ್ಲಿ ಅವರದೊಂದು ಖಾಸಗಿ ಚಿಕಿತ್ಸಾ ಕೇಂದ್ರ ಇತ್ತು. ಕೈಕಾಲು ಸೋತವರಿಗೆ ವ್ಯಾಯಾಮ ಕಲಿಸುವುದು, ವ್ಯಾಯಾಮ ಕಲಿಸುವವರಿಗೆ ಪಾಠ ಹೇಳುವುದು ಅವರ ಕೆಲಸ. "ನನಗೆ ಮುಖ ಬೇಡ, ಬಟ್ಟೆ ಬೇಡ, ಬರೀ ನಡಿಗೆ ಬೇಕು" ಎಂದರು ಅವರು. "ರೋಗಿಯನ್ನು ತಂದು ನಿಲ್ಲಿಸಿದರೆ ನನ್ನ ಶಿಷ್ಯರು ರೋಗಿಯ ಮುಖ ನೋಡುತ್ತಾರೆ. ಪಾಪ ಅನ್ನಿಸುತ್ತದೆ. ಪಾಪ ಅನ್ನಿಸಿದ ಮೇಲೆ ಕಾಲು ಕಾಣುವುದಿಲ್ಲ. ನಿನಗೆ ಆಗುತ್ತದಾ?" ಮೂರು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ತನ್ನ ಕೆಲಸವನ್ನು ಕೆಲಸ ಎಂದು ಕೇಳಿದ್ದರು. ಆಗುತ್ತದೆ ಎಂದ. ನಡೆಯುವವರು ಯಾರು ಎಂದು ಕೇಳಿದಾಗ, "ನಮ್ಮ ಊರಿನಲ್ಲಿ ಒಬ್ಬರು ಹೆಂಗಸು ಇದ್ದಾರೆ" ಎಂದ. ಆ ಮಾತು ಬಾಯಿಂದ ಸಲೀಸಾಗಿ ಬಂತು. ಬಂದ ಮೇಲೆ ಅದನ್ನು ಹಿಂದೆ ತೆಗೆದುಕೊಳ್ಳುವ ದಾರಿ ಕಾಣಲಿಲ್ಲ, ಹುಡುಕಲೂ ಇಲ್ಲ.

ಸೆಲೀನ್ ಒಪ್ಪಿದ್ದು ಒಂದೇ ಶರತ್ತಿಗೆ. "ನಡೆಯುವುದು ನಾನು ನಡೆಯುತ್ತೇನೆ. ನೀನು ಬಿಡಿಸುವಾಗ ಕುಂಟು ತೆಗೆಯಬೇಕು. ನಿನಗೆ ಬರುತ್ತದಲ್ಲಾ?" ಎಂದು ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು. "ನಾನು ನೆಟ್ಟಗೆ ನಡೆದರೆ ಹೇಗೆ ಕಾಣುತ್ತೇನೆ ಅಂತ ಒಮ್ಮೆ ನೋಡಬೇಕು." ಅವನು ಆಗಲಿ ಎಂದ. ಆಗ ಅದು ಸುಳ್ಳಾಗಿರಲಿಲ್ಲ. ಎರಡನ್ನೂ ಮಾಡುತ್ತೇನೆ, ಡಾಕ್ಟರರಿಗೆ ಕುಂಟಿನದು, ಬಾಯಿಗೆ ನೆಟ್ಟಗಿನದು, ಒಂದೇ ಫಿಲ್ಮಿನಲ್ಲಿ ಒಂದರ ಪಕ್ಕ ಒಂದು ಎಂದು ಅವನು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದ. ಕಾಲಿನ ಗೆರೆ ಕಾಣಬೇಕಾದ್ದರಿಂದ ಅವಳು ಅಪ್ಪನ ಕಪ್ಪು ಪ್ಯಾಂಟು ಹಾಕಬೇಕಾಯಿತು. ಕೀಲುಗಳ ಜಾಗದಲ್ಲಿ ಬಿಳಿ ಬಟ್ಟೆಯ ದುಂಡನೆಯ ತುಂಡುಗಳನ್ನು ಅವಳೇ ಹೊಲಿದಳು: ಹೆಗಲಿಗೆ ಎರಡು, ಮೊಣಕೈಗೆ ಎರಡು, ಮಣಿಕಟ್ಟಿಗೆ, ಸೊಂಟಕ್ಕೆ, ಮೊಣಕಾಲಿಗೆ, ಕಾಲಿನ ಹರಡಿಗೆ ಎರಡೆರಡು, ತಲೆಗೆ ಒಂದು ಪಟ್ಟಿ. ಮಾಂಯ್ ಗೇಟು ಹಾಕಿ, ಯಾರಾದರೂ ಬಂದಾರು ಎಂದು ದಾರಿಗೆ ಅಡ್ಡ ನಿಂತಳು. ಡಾಕ್ಟರರು ಕೊಟ್ಟ ಕ್ಯಾಮೆರಾ ಕೈಯಲ್ಲಿ ಬಿಸಿಯಾಗಿತ್ತು. ಸೀರೆಯಿಲ್ಲದೆ, ಹಿಡಿಯಲು ನೆರಿಗೆಯಿಲ್ಲದೆ, ಸೆಲೀನ್ ಅಂಗಳದ ಈ ತುದಿಯಿಂದ ಆ ತುದಿಗೆ ಹೋದಳು. ಕೈ ಹೇಗೆ ತೊಡೆಯ ಮೇಲೆ ಇಳಿಯುತ್ತದೆ, ಅಂಗೈ ಹೇಗೆ ಒತ್ತುತ್ತದೆ, ಒತ್ತಿದ ಕ್ಷಣಕ್ಕೆ ಹೆಗಲು ಹೇಗೆ ವಾಲುತ್ತದೆ, ಇಪ್ಪತ್ತೊಂದು ವರ್ಷ ಅವಳ ಜೊತೆಗೇ ಇದ್ದು ಅವನು ನೋಡಿರಲಿಲ್ಲ. ಮುಚ್ಚಿಡಬೇಡ, ರೂಢಿಯ ಹಾಗೆ ನಡಿ, ಇನ್ನೊಮ್ಮೆ, ಇನ್ನೊಮ್ಮೆ ಎಂದು ಹದಿನೇಳು ಸಲ ನಡೆಸಿದ. ಅವಳ ಕತ್ತು ಬೆವರಿತ್ತು. "ಸಾಕಾ?" ಎಂದು ಕೇಳಿದಾಗ, ಅವನಿಗೆ ಅವಳ ಮುಖ ಎದುರಿಗಿದೆ ಎಂಬುದೇ ತಡವಾಗಿ ಹೊಳೆಯಿತು.

ಆಮೇಲಿನ ಮೂರು ತಿಂಗಳು ಅವನ ಬದುಕಿನಲ್ಲಿ ಬಹುಶಃ ಅತ್ಯಂತ ಸುಖದ ದಿನಗಳು. ಅದನ್ನು ಒಪ್ಪಿಕೊಳ್ಳುವುದು ಈಗ ಕಷ್ಟ. ಫಿಲ್ಮಿನ ಒಂದೊಂದು ಚೌಕವನ್ನು ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯ ಮೇಲೆ ಪ್ರೊಜೆಕ್ಟರಿನಿಂದ ಬಿಟ್ಟು, ಹದಿಮೂರು ಬಿಳಿ ಚುಕ್ಕೆಗಳ ಜಾಗವನ್ನು ಪೆನ್ಸಿಲಿನಿಂದ ಗುರುತಿಸುವುದು. ಅಡ್ಡಕ್ಕೆ ಎಷ್ಟು ಮನೆ, ಉದ್ದಕ್ಕೆ ಎಷ್ಟು ಮನೆ ಎಂದು ಬರೆಯುವುದು. ಬರೆದದ್ದನ್ನು ಹಿಡಿದುಕೊಂಡು ಮಧ್ಯಾಹ್ನ ಮಣಿಪಾಲದ ಒಂದು ಮಹಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋಗುವುದು. ಒಂದರಿಂದ ಮೂರರವರೆಗೆ ಅಲ್ಲಿ ತರಗತಿ ಇರುತ್ತಿರಲಿಲ್ಲ. ಡಾಕ್ಟರರ ಪರಿಚಯದಿಂದ ಒಂದು ಯಂತ್ರ ಅವನಿಗೆ ಸಿಗುತ್ತಿತ್ತು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ದೇವಸ್ಥಾನದ ಗರ್ಭಗುಡಿಯಂಥ ತಂಪು. ಅಲ್ಲಿ ಪಾಠ ಹೇಳುತ್ತಿದ್ದ ಭೋಜ ನಂದಿಕೂರಿನವನು, ಲಿಗೋರಿಗಿಂತ ಎರಡು ಮೂರು ವರ್ಷ ದೊಡ್ಡವನು, ಬುತ್ತಿಯ ಡಬ್ಬಿ ಮುಚ್ಚಿ ಕೈ ಒರೆಸಿಕೊಂಡು ಕೂರುತ್ತಿದ್ದ. ಲಿಗೋರಿ ಸಂಖ್ಯೆ ಓದುವುದು, ಭೋಜ ಒತ್ತುವುದು. ಮೊದಲ ದಿನ ಕಪ್ಪು ಪರದೆಯ ಮೇಲೆ ಹದಿಮೂರು ಹಸಿರು ಚುಕ್ಕೆಗಳು ನಿಂತಿದ್ದವು, ಯಾರೋ ಚೆಲ್ಲಿದ ಕಾಳಿನ ಹಾಗೆ. ನಲವತ್ತು ಚೌಕ ತುಂಬಿದ ದಿನ ಭೋಜ ಏನೋ ಒತ್ತಿದ; ಕಾಳುಗಳು ಎದ್ದು ನಡೆದವು. ಲಿಗೋರಿಯ ತೋಳಿನ ರೋಮ ನಿಂತಿತು. ಅದು ಬಾಯ್. ಮುಖವಿಲ್ಲ, ಕೂದಲಿಲ್ಲ, ಮೈಯಿಲ್ಲ, ಆದರೂ ಅಂಗಳದಲ್ಲಿ ಬಟ್ಟೆ ಒಣಹಾಕಿ ಒಳಗೆ ಬರುವ ಬಾಯ್. ಭೋಜ ಅವಳನ್ನು ಎಂದೂ ಕಂಡವನಲ್ಲ. ಅವನು ಕುರ್ಚಿಗೆ ಒರಗಿ, "ಇದು ಹೆಂಗಸಲ್ವಾ ಮಾರಾಯ? ಬರೀ ಚುಕ್ಕೆ, ಆದರೂ ಗೊತ್ತಾಗ್ತದೆ. ಬೇನೆ ಉಂಟು ಅವಳಿಗೆ" ಎಂದ. ಯಾರು ಎಂದು ಅವನು ಕೇಳಲಿಲ್ಲ. ಲಿಗೋರಿಯೂ ಹೇಳಲಿಲ್ಲ.

ನೆಟ್ಟಗಿನ ನಡಿಗೆಯನ್ನು ಮಾಡಿದ್ದು ಆಮೇಲೆ. ಎಡಗಾಲಿನ ಸಂಖ್ಯೆಗಳನ್ನೇ ಬಲಗಾಲಿಗೆ ಹಾಕಿ, ತೊಡೆಯ ಮೇಲಿದ್ದ ಕೈಯನ್ನು ಎತ್ತಿ ಗಾಳಿಯಲ್ಲಿ ಬೀಸಿಸಿ, ವಾಲುವ ಹೆಗಲನ್ನು ಸಮ ಮಾಡಿದ. ಹತ್ತು ದಿನದ ಕೆಲಸ. ಚುಕ್ಕೆಗಳು ನಡೆದವು, ಆದರೆ ಗಡಿಯಾರದ ಮುಳ್ಳಿನ ಹಾಗೆ. ಎಲ್ಲಿ ತಪ್ಪಿದೆ ಎಂದು ಅವನಿಗೆ ತಿಳಿಯಲಿಲ್ಲ; ಮತ್ತೆ ಮತ್ತೆ ತಿದ್ದಿದಷ್ಟೂ ಅದು ಇನ್ನಷ್ಟು ಮರಗಟ್ಟಿತು. ಡಾಕ್ಟರರು ಎರಡನ್ನೂ ನೋಡಿ, ಮೊದಲನೆಯದಕ್ಕೆ ಅವನ ಭುಜ ತಟ್ಟಿದರು. ಎರಡನೆಯದಕ್ಕೆ, "ಇದು ಬೇಡ. ಇದರಲ್ಲಿ ಕಲಿಯಲಿಕ್ಕೆ ಎಂತ ಉಂಟು?" ಎಂದರು. ಹೇಳಬಹುದಿತ್ತು: ಸಾರ್, ನಾನು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಅವನು ತಲೆ ಆಡಿಸಿದ. ಅವರು ಹೇಳಿದ್ದು ನಿಜ ಎಂದು ಅವನ ಕಣ್ಣಿಗೂ ಅನ್ನಿಸಿತ್ತು. ಆ ಅನ್ನಿಸಿಕೆ ಮಾತಿಗಿಂತ ದೊಡ್ಡದಾಗಿ ಕಂಡಿತ್ತು. ಚುಕ್ಕೆಗಳಿಗೆ ಗೆರೆ ಜೋಡಿಸಿ, ಪರದೆಯಿಂದ ಒಂದೊಂದೇ ಚೌಕ ಫಿಲ್ಮಿಗೆ ತೆಗೆದು ಮುಗಿಸುವಾಗ ಫೆಬ್ರವರಿ ಬಂತು. ಮನೆಯಲ್ಲಿ ಸೆಲೀನ್, "ಆಯ್ತಾ? ಚಂದ ಬಂತಾ?" ಎಂದು ಕೇಳಿದಾಗಲೆಲ್ಲ, ಆಯ್ತು, ಬಂತು ಎನ್ನುತ್ತಿದ್ದ. ಪ್ರದರ್ಶನದ ದಿನ ಮನೆಯವರನ್ನೂ ಕರೆದುಕೊಂಡು ಬಾ ಎಂದು ಡಾಕ್ಟರರು ಬರೆದ ಕಾಗದ ಅವನು ಇಲ್ಲದಾಗ ಅಂಚೆಯಲ್ಲಿ ಬಂದು ಮಾಂಯ್ ಕೈಗೆ ಸಿಕ್ಕಿತ್ತು.

ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಗಲಾಟೆ. ಮಣಿಪಾಲದ ಬಸ್ಸು ಇಂದ್ರಾಳಿಯ ಏರು ಹತ್ತುವಾಗಲೂ ಸೀಟು ಖಾಲಿ ಇರಲಿಲ್ಲ. ಸೆಲೀನಳಿಗೆ ಒಬ್ಬ ಮುದುಕಿ ಜಾಗ ಬಿಟ್ಟುಕೊಟ್ಟಳು, ಅವನು ಹಿಂದೆ ಎಲ್ಲೋ ಕಂಬಿ ಹಿಡಿದು ನೇತಾಡಿದ. ಕೇಂದ್ರದ ಬಾಗಿಲಲ್ಲಿ ಡಾಕ್ಟರರು ಕೈ ಮುಗಿದು, "ಇವರು?" ಎಂದು ಕೇಳಿದರು. "ನನ್ನ ಅಕ್ಕ" ಎಂದ ಲಿಗೋರಿ. ಆ ಶಬ್ದವನ್ನು ಅವನು ಮೊದಲ ಬಾರಿಗೆ ಹೊರಗಿನವರ ಎದುರು ಹೇಳಿದ್ದು ಅದೇ. ಸೆಲೀನ್ ನಾಲ್ಕು ಹೆಜ್ಜೆ ಮುಂದೆ ಬಂದಳು, ನೆರಿಗೆ ಹಿಡಿದುಕೊಂಡು. ಡಾಕ್ಟರರ ಕಣ್ಣು ಅವಳ ಮುಖದಿಂದ ಕೈಗೆ, ಕೈಯಿಂದ ಮೊಣಕಾಲಿಗೆ ಇಳಿಯಿತು. ಅವರ ಬಾಯಿ ಸ್ವಲ್ಪ ತೆರೆಯಿತು. ಅಷ್ಟರಲ್ಲಿ ಯಾರೋ ಪ್ರೊಜೆಕ್ಟರಿನ ತಂತಿಯ ಬಗ್ಗೆ ಕರೆದರು, ಅವರು ಹೋದರು.

ಹಾಲಿನಲ್ಲಿ ಐವತ್ತು ಅರುವತ್ತು ಜನ, ಹೆಚ್ಚಿನವರು ಬಿಳಿ ಕೋಟಿನ ಹುಡುಗ ಹುಡುಗಿಯರು. ಭುಜಂಗ ಮೇಷ್ಟ್ರೂ ಬಂದಿದ್ದರು, ಜುಬ್ಬಾದ ಮೇಲೆ ಶಾಲು ಹೊದ್ದು. ಸೆಲೀನ್ ಮೂರನೆಯ ಸಾಲಿನ ತುದಿಗೆ ಕೂತಳು, ಲಿಗೋರಿ ಅವಳ ಪಕ್ಕ. ಕಿಟಕಿಗೆ ಕಪ್ಪು ಪರದೆ ಎಳೆದರು. ಈಗ ಹೇಳಬೇಕು ಎಂದು ಅವನು ಅವಳ ಕಡೆಗೆ ಬಾಗಿದ. ಮಲ್ಲಿಗೆಯ ವಾಸನೆ ಗಂಟಲಿಗೆ ಬಂತು. "ಬಾಯ್" ಎಂದ. "ಶ್" ಎಂದಳು ಅವಳು.

ಹಸಿರು ಗೆರೆಯ ಹೆಂಗಸು ಪರದೆಯ ಎಡದಿಂದ ಬಂದಳು. ಗೋಡೆಯ ಎತ್ತರಕ್ಕೆ ಇದ್ದಳು. ಬಟ್ಟೆಯಿಲ್ಲ, ನೆರಿಗೆಯಿಲ್ಲ. ಬಲಗೈ ಇಳಿದು ತೊಡೆಯನ್ನು ಒತ್ತಿತು, ಹೆಗಲು ವಾಲಿತು, ಮೊಣಕಾಲು ಹಿಂದಕ್ಕೆ ಬಿಗಿಯಿತು, ಕೈ ಎದ್ದಿತು. ಮತ್ತೆ ಇಳಿಯಿತು. ಹಾಲಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಲಿಗೋರಿಯ ಎದೆ, ಅವನ ಅಪ್ಪಣೆಯಿಲ್ಲದೆಯೇ, ಹಿಗ್ಗಿತು. ಪ್ರೊಜೆಕ್ಟರಿನ ಬಳಿ ನಿಂತ ಡಾಕ್ಟರರ ದನಿ ಮೊದಲಿಗೆ ತಡವರಿಸಿತು. ಅವರು ಏನನ್ನೋ ಬಿಟ್ಟು ಮುಂದೆ ಹೋಗಲು ನೋಡುತ್ತಿದ್ದಾರೆ ಎಂದು ಅವನಿಗೆ ತಿಳಿಯಿತು. ಆದರೆ ಅವರ ಪಕ್ಕದಲ್ಲಿದ್ದ ಸಹಾಯಕ, ಮೊದಲೇ ಬರೆದಿಟ್ಟದ್ದನ್ನು ಓದಬೇಕಾದವನು, ಕಾಗದ ನೋಡಿ ಗಟ್ಟಿಯಾಗಿ ಓದತೊಡಗಿದ: "ಕೈಯನ್ನು ಗಮನಿಸಿ. ಇಂಥ ರೋಗಿಗಳು ಈ ಕೈಯನ್ನು ಬಟ್ಟೆಯಲ್ಲಿ ಅಡಗಿಸುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ತಿಳಿದಿರುತ್ತಾರೆ." ಹಿಂದಿನ ಸಾಲಿನಿಂದ ಒಂದು ಸಣ್ಣ ನಗು. ಕೆಟ್ಟ ನಗು ಅಲ್ಲ. ತಿಳಿದವರು ತಿಳಿದದ್ದಕ್ಕೆ ನಗುವ ನಗು. ಲಿಗೋರಿ ಪಕ್ಕಕ್ಕೆ ತಿರುಗಲಿಲ್ಲ. ತಿರುಗದೆಯೂ ಸೆಲೀನಳ ಬಲಗೈ ಮಡಿಲಿನಿಂದ ಎದ್ದು, ಎಲ್ಲಿ ಇಡುವುದೆಂದು ತಿಳಿಯದೆ, ಎದುರಿನ ಕುರ್ಚಿಯ ಬೆನ್ನಿನ ಮೇಲೆ ಹೋಗಿ ನಿಂತದ್ದು ಕಾಣಿಸಿತು. ಅವಳು ಕೊನೆಯವರೆಗೂ ನೋಡಿದಳು. ಫಿಲ್ಮು ಮುಗಿದು ಬಿಳಿ ಬೆಳಕು ಬಂದ ಮೇಲೂ, ಇನ್ನೇನೋ ಬರಲಿಕ್ಕುಂಟು ಎಂಬ ಹಾಗೆ ಪರದೆಯನ್ನೇ ನೋಡುತ್ತಿದ್ದಳು.

"ಇಷ್ಟೇನಾ?" ಎಂದು ಕೇಳಿದಳು.

"ಇಷ್ಟೇ."

ಕಿಟಕಿಯ ಪರದೆ ಸರಿಸಿದರು. ಚಪ್ಪಾಳೆ. ಮೇಷ್ಟ್ರು ಎದ್ದು ಬಂದು ಲಿಗೋರಿಯ ಬೆನ್ನು ತಟ್ಟಿ, ಪಕ್ಕದವರಿಗೆ "ನಮ್ಮ ಹುಡುಗ" ಎಂದರು. ಅವನು ಅವರ ಕಾಲು ಮುಟ್ಟಲೋ ಬೇಡವೋ ಎಂದು ಬಾಗಿದ. ಬಾಗಿದಾಗ ಸೆಲೀನ್ ಏಳುವುದು ಕಂಡಿತು. ಅವಳು ನೆರಿಗೆ ಹಿಡಿಯಲಿಲ್ಲ. ಎರಡು ಕೈಗಳನ್ನೂ ಬದಿಗೆ ಇಳಿಬಿಟ್ಟು, ಗಲ್ಲ ಎತ್ತಿ, ಬಿಳಿ ಕೋಟಿನವರ ನಡುವಿನ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಳು, ಎಡಗಾಲು. ಎರಡನೆಯ ಹೆಜ್ಜೆ ಬಲಗಾಲು. ಕೂಗಬೇಕು ಎಂದು ಅವನಿಗೆ ಅನ್ನಿಸಿತು. ಮೇಷ್ಟ್ರ ಕೈ ಇನ್ನೂ ಬೆನ್ನ ಮೇಲಿತ್ತು. ಮೊಣಕಾಲು ಮಡಚಿ, ಅವಳು ಹಿಡಿಯಲು ಏನೂ ಇಲ್ಲದ ಕಡೆಗೆ, ಒಂದೇ ಬದಿಗೆ ಬಿದ್ದಳು. ಒಣ ಕಡ್ಡಿ ಮುರಿದ ಹಾಗೆ ಒಂದು ಶಬ್ದ ಆಯಿತು. ಅವಳು ಕಿರುಚಲಿಲ್ಲ. ಅವಳ ಸುತ್ತ ಮೊದಲು ಮೊಣಕಾಲೂರಿದವರು ಡಾಕ್ಟರರು, ಆಮೇಲೆ ಹುಡುಗಿಯರು. ಲಿಗೋರಿ ಬರುವ ಹೊತ್ತಿಗೆ ಅವಳ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದ್ದರು. ಜ್ವರದ ಕಾಲು, ಮಗುವಿನ ಕಾಲಿನಷ್ಟೇ ಸಪೂರ, ಹಗಲಿನ ಬೆಳಕಿನಲ್ಲಿ ಎಲ್ಲರ ಮುಂದೆ ಇತ್ತು.

ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಡಾಕ್ಟರರೇ ಮುಂದೆ ನಿಂತು ಎಲ್ಲವನ್ನೂ ಮಾಡಿಸಿದರು. ಎರಡನೆಯ ದಿನ ಆಸ್ಪತ್ರೆಯ ಹೊರಗಿನ ಜಗಲಿಯಲ್ಲಿ ಲಿಗೋರಿಯನ್ನು ನಿಲ್ಲಿಸಿ, "ಊರಿನ ಒಬ್ಬರು ಹೆಂಗಸು ಎಂದೆಯಲ್ಲ" ಎಂದರು. ಅವರ ಕೈಯಲ್ಲಿ ಎಕ್ಸ್‌ರೇ ಇತ್ತು, ಅದನ್ನು ಬೆಳಕಿಗೆ ಹಿಡಿದು ನೋಡುತ್ತಾ ಒಳಗೆ ಹೋದರು. ಮಾಂಯ್ ಬಂದು ಕೇಳಿದಾಗ ಸೆಲೀನ್, "ಮೆಟ್ಟಿಲಿನಲ್ಲಿ ಜಾರಿದೆ" ಎಂದಳು. ಫಿಲ್ಮು ಹೇಗಿತ್ತು ಎಂದು ಕೇಳಿದ್ದಕ್ಕೆ, "ಚಂದ ಇತ್ತು" ಎಂದಳು. ಮಾಂಯ್ ಡಾಕ್ಟರರಂಥವರು ಸಿಕ್ಕಿದ್ದು ದೇವರ ದಯೆ ಎಂದು ಜಪಮಾಲೆ ಹಿಡಿದಳು. ಆ ಸುಳ್ಳಿನೊಳಗೆ ಅಕ್ಕ ತನಗೊಂದು ಜಾಗ ಮಾಡಿಕೊಟ್ಟಿದ್ದಾಳೆ ಎಂಬುದು ಲಿಗೋರಿಗೆ ಹೊಡೆತಕ್ಕಿಂತ ಹೆಚ್ಚಾಗಿ ತಾಗಿತು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಪಾಪ ನಿವೇದನೆಗೆ ಹೋಗಿ ಜಾಲರಿಯ ಆಚೆಗೆ ಎಲ್ಲವನ್ನೂ ಹೇಳಿದ. ಪಾದ್ರಿಗಳು, "ಅದು ವಿದ್ಯೆ ಅಲ್ವಾ ಮಗಾ, ಅದರಲ್ಲಿ ಪಾಪ ಎಲ್ಲಿ ಬಂತು?" ಎಂದು ಮೂರು ನಮೋ ಮರಿಯಾ ಪ್ರಾರ್ಥನೆ ಹೇಳಲು ತಿಳಿಸಿದರು. ಅವನು ಹೇಳಿದ. ಹೇಳಿದ ಮೇಲೂ ಎಲ್ಲ ಇದ್ದಲ್ಲೇ ಇತ್ತು. ಫಿಲ್ಮಿನ ಎರಡು ಪ್ರತಿಗಳು ಬೇರೆ ಊರುಗಳಿಗೆ ಹೋಗಿದ್ದವು. ಹೆಸರಿಲ್ಲದ ಹೆಂಗಸು ಯಾವ ಯಾವ ಕತ್ತಲೆಯ ಕೋಣೆಗಳಲ್ಲಿ ನಡೆಯುತ್ತಿದ್ದಾಳೋ ಅವನಿಗೆ ತಿಳಿಯದು.

ಪ್ಲಾಸ್ಟರು ಬಿಚ್ಚಿದ್ದು ಜೂನ್ ಕೊನೆಗೆ. ಮೊಣಕಾಲು ಮರದ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು, ಕಾಲು ಎರಡಿಂಚು ಗಿಡ್ಡವಾಗಿತ್ತು. ಇನ್ನು ತೊಡೆ ಒತ್ತುವ ಅಗತ್ಯವಿರಲಿಲ್ಲ, ಒತ್ತಲು ಕೈಯೂ ಖಾಲಿ ಇರಲಿಲ್ಲ. ಎರಡು ಕಂಕುಳಿಗೂ ಊರುಗೋಲು ಬಂದವು. ಅವಳು ಲಿಗೋರಿಯ ಜೊತೆ ಮಾತು ಬಿಡಲಿಲ್ಲ. ಊಟ ಬಡಿಸಿ ಎಂತ ಬೇಕು ಎಂದು ಕೇಳುತ್ತಿದ್ದಳು, ಅಪ್ಪನ ಕಾಗದ ಓದಿ ಹೇಳುತ್ತಿದ್ದಳು. ಅವನು ಚಿತ್ರಶಾಲೆಗೆ ಹೋಗುವುದನ್ನು ನಿಲ್ಲಿಸಿ, ಕಾಪುವಿನ ಅಂಗಡಿಗಳಿಗೆ ಹೆಸರಿನ ಹಲಗೆ ಬರೆಯುತ್ತಿದ್ದ. ಅಕ್ಷರ ನಿಂತಲ್ಲೇ ನಿಲ್ಲುತ್ತದೆ, ಅದಕ್ಕಿಂತ ಹೆಚ್ಚು ಅದರಿಂದ ಏನೂ ಬೇಡ ಎಂದುಕೊಂಡಿದ್ದ. ಆಗಸ್ಟಿನಲ್ಲಿ ಒಂದು ದಿನ, ಡಾಕ್ಟರರ ಬಳಿ ಕಾಲು ತೋರಿಸಿ ಹೊರಗೆ ಬಂದಾಗ, ಸೆಲೀನ್ ಕೇಳಿದಳು: "ನೀನು ನೆಟ್ಟಗಿನದು ಮಾಡಿದ್ದಿಯಾ, ಇಲ್ವಾ?"

"ಮಾಡಿದ್ದೆ."

"ಉಂಟಾ ಈಗ?"

"ಭೋಜನ ಹತ್ರ ಇರಬಹುದು."

"ಹೋಗುವಾ."

ಮಹಡಿಯ ಮೆಟ್ಟಿಲು ಇಪ್ಪತ್ತೆರಡು. ಅವಳು ಒಂದೊಂದಾಗಿ ಹತ್ತಿದಳು. ಅವನು ಚಾಚಿದ ಕೈಯನ್ನು ನೋಡಿಯೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತು, ತರಗತಿ ಖಾಲಿ. ಭೋಜ ಅವಳು ಊರುಗೋಲು ಗೋಡೆಗೆ ಒರಗಿಸಿ ಕೂರುವುದನ್ನು ನೋಡಿದ, ಲಿಗೋರಿಯ ಮುಖ ನೋಡಿದ, ಕಪಾಟಿನಿಂದ ಫ್ಲಾಪಿ ಹುಡುಕಿ ತಂದ. ಹಸಿರು ಚುಕ್ಕೆಗಳು ಬಂದವು. ಕೈ ಬೀಸಿಕೊಂಡು, ಹೆಗಲು ಸಮವಾಗಿಟ್ಟು ನಡೆದವು. ಸೆಲೀನ್ ಮುಂದಕ್ಕೆ ಬಾಗಿ, ಹೊಲಿಗೆಯ ಎಳೆ ಪರೀಕ್ಷಿಸುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಇವಳು ಎಲ್ಲಿಗೆ ಹೋಗುವುದು?" ಎಂದು ಕೇಳಿದಳು.

"ಎಲ್ಲಿಗೂ ಇಲ್ಲ. ಇದ್ದಲ್ಲೇ ನಡೆಯುವುದು. ಸಂಖ್ಯೆ ಮುಗಿದ ಕೂಡಲೇ ಮೊದಲಿನಿಂದ ಶುರುವಾಗ್ತದೆ" ಎಂದ ಲಿಗೋರಿ.

"ಸಾಕು. ನನ್ನದು ಹಾಕು."

ಭೋಜ ಇನ್ನೊಂದು ಫ್ಲಾಪಿ ಹಾಕಿದ. ಸ್ವಲ್ಪ ಹೊತ್ತು ಯಂತ್ರ ಗೊರಗುಟ್ಟಿತು. ಕೈ ಇಳಿಯಿತು, ತೊಡೆ ಒತ್ತಿತು, ಹೆಗಲು ವಾಲಿತು, ಕೈ ಎದ್ದಿತು. ಲಿಗೋರಿ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಕಡೆಗೆ ತಿರುಗಿದ. ಕೋಣೆಯಲ್ಲಿ ಫ್ಯಾನಿನ ಸದ್ದು. ಕೊನೆಗೆ ಭೋಜ, "ಬೇಡದಿದ್ದರೆ ಅಳಿಸಬಹುದು ಅಕ್ಕ. ಇಲ್ಲಿ ಇರುವುದು ಇದೊಂದೇ" ಎಂದ. ಅಳಿಸು ಎನ್ನಲಿ ಎಂದು ಲಿಗೋರಿ ಉಸಿರು ಹಿಡಿದ. ಅಳಿಸಿದರೆ ಅದೊಂದು ಶಿಕ್ಷೆಯಾಗುತ್ತದೆ, ಶಿಕ್ಷೆಯಾದರೆ ಒಂದು ಕಡೆ ಮುಗಿಯುತ್ತದೆ.

"ಬೇಡ" ಎಂದಳು ಸೆಲೀನ್. "ಇವಳಾದರೂ ನಡೀಲಿ." ಆ ದನಿಯಲ್ಲಿ ಕ್ಷಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ; ಉಳಿದ ಬಟ್ಟೆಯ ತುಂಡು ಬಿಸಾಡಬೇಡ ಎನ್ನುವವಳ ದನಿ. ಆಮೇಲೆ, "ನೀನು ಎಂತ ಆಚೆ ನೋಡುವುದು? ನೋಡು. ನೀನು ಮಾಡಿದ್ದಲ್ವಾ" ಎಂದಳು.

ಅವನು ತಿರುಗಿ ನೋಡಿದ. ಅಕ್ಕ ನಡೆಯುತ್ತಿದ್ದಳು, ಇನ್ನೆಂದೂ ನಡೆಯಲಾರದ ಹಾಗೆ. ಒಮ್ಮೆ ನಡೆದಳು, ಇನ್ನೊಮ್ಮೆ ನಡೆದಳು. ಅಳು ಬರುತ್ತದೆ ಎಂದು ಅವನು ಕಾದ. ಮೂರನೆಯ ಸಲ ಕೈ ಕೆಳಗೆ ಇಳಿಯುವಾಗ ಬಲದ ಮೊಣಕೈಯ ಚುಕ್ಕೆ ಒಂದು ಮನೆಯಷ್ಟು ಹೊರಗೆ ಜಿಗಿದು ಒಳಗೆ ಬಂದಂತೆ ಕಂಡಿತು. ನಾಲ್ಕನೆಯ ಸಲ ಅವನು ಅದಕ್ಕೇ ಕಾದು ನೋಡಿದ. ಹೌದು, ಹದಿನಾಲ್ಕನೆಯ ಚೌಕ. ಆವತ್ತು ಬರೆದ ಸಂಖ್ಯೆಯೇ ತಪ್ಪು. ಅಷ್ಟು ಜನ ನೋಡಿದರೂ ಯಾರೂ ಹಿಡಿದಿರಲಿಲ್ಲ. ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಪೆನ್ಸಿಲಿಗಾಗಿ ತಡಕಿತು. ತಲೆ ಎತ್ತಿದಾಗ ಸೆಲೀನ್ ಪರದೆಯನ್ನು ಬಿಟ್ಟು ಅವನ ಆ ಕೈಯನ್ನೇ ನೋಡುತ್ತಿದ್ದಳು.